ಸಣ್ಣಯ್ಯನ ಎದೆಯೊಳಗಿನ ನೀರುಗುಳ್ಳೆ

ಮಾರಂಡಹಳ್ಳಿಯಾಚೆಯ ಹಟ್ಟಿಯಲ್ಲಿ ಕುರಿ ಸಾಕಿಕೊಂಡಿದ್ದ ಸಣ್ಣಯ್ಯ ನಲವತ್ತು ವರ್ಷ ಆಸ್ಪತ್ರೆಯ ಮೆಟ್ಟಿಲು ತುಳಿದವನಲ್ಲ. ಚಳಿಜ್ವರಕ್ಕೆ ಕಂಬಳಿ, ಹೊಟ್ಟೆನೋವಿಗೆ ಓಮದ ನೀರು, ಅವನ ವೈದ್ಯವೆಲ್ಲ ಅಷ್ಟರಲ್ಲೇ ಮುಗಿಯುತ್ತಿತ್ತು. ಎಪ್ಪತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಕುರಿಗಳಿಗೆ ಸೊಪ್ಪು ಕಡಿಯಲು ಆಲದ ಮರ ಹತ್ತಿದ್ದಾಗ ಕೊಂಬೆ ಲಟಕ್ಕೆಂದಿತು. ಬೀಳುವಾಗ ಹೆದರಿಕೆಯೇ ಆಗಲಿಲ್ಲವಂತೆ. ಎಲೆಗಳ ಸಂದಿನ ಬಿಸಿಲು ಚೂರುಚೂರಾಗಿ ಮೇಲೇರುತ್ತಿತ್ತು, ಕುರಿಗಳೆಲ್ಲ ತಲೆಯೆತ್ತಿ ನೋಡುತ್ತಿದ್ದವು, ನೆಲ ಮಾತ್ರ ಎಷ್ಟು ಹೊತ್ತಾದರೂ ಬರಲೇ ಇಲ್ಲ ಎಂದು ಆಮೇಲೆ ಹೇಳುತ್ತಿದ್ದ. ನೆಲವೇನೋ ಬಂತು. ಬಲಪಕ್ಕೆಯಲ್ಲಿ ಎರಡು ಎಲುಬು ಮುರಿದವು.

ಹೆಂಡತಿ ಮಾರಕ್ಕ ಅವನನ್ನು ಗಾಡಿಯಲ್ಲಿ, ಆಮೇಲೆ ಬಸ್ಸಿನಲ್ಲಿ ಧರ್ಮಪುರಿಗೆ ಕರೆತಂದಳು. ಆಸ್ಪತ್ರೆಯಲ್ಲಿ ತಣ್ಣನೆ ಹಲಗೆಗೆ ಎದೆಯೊತ್ತಿಸಿ ಎಕ್ಸ್‌ರೇ ತೆಗೆದರು. ಡಾಕ್ಟರು ಅಣ್ಣಾಮಲೈ ಎಂಬುವರು ಆ ಕಪ್ಪು ಹಾಳೆಯನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಎಲುಬು ತಾನಾಗಿ ಕೂಡಿಕೊಳ್ಳುತ್ತದೆ, ಆದರೆ ನಾವು ಹುಡುಕದೇ ಇದ್ದ ಇನ್ನೊಂದು ಸಿಕ್ಕಿದೆ ಎಂದು ತಮಿಳಿನಲ್ಲಿ ಹೇಳಿ ಬೆರಳಿಟ್ಟು ತೋರಿಸಿದರು. ಪಕ್ಕೆಲುಬುಗಳ ಹಿಂದೆ ದುಂಡಗೆ, ಬೆಳ್ಳಗೆ ಏನೋ ಇತ್ತು. ಬೇಲಿಯ ಹಿಂದೆ ಚಂದ್ರ ಬಂದು ನಿಂತ ಹಾಗಿತ್ತು. ಮಾರಕ್ಕ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. ಸಣ್ಣಯ್ಯ ಮಾತ್ರ ಕಣ್ಣು ಕೀಳದೆ ಅದನ್ನೇ ನೋಡಿದ. ಅವನಿಗೆ ಅದರ ಗುರುತು ಹತ್ತಿತ್ತು.

"ಸಾಮಿ, ಅದರೊಳಗೆ ನೀರೈತಾ?"

ಡಾಕ್ಟರು ತಿರುಗಿ ನೋಡಿದರು. ಇರಬಹುದು, ನಿನಗೆ ಹೇಗೆ ಗೊತ್ತು ಎಂದು ಕೇಳಿದರು.

"ಕುರಿ ಕುಯ್ದಾಗ ಪುಪ್ಪುಸದಾಗೆ ಇಂತದೇ ಸಿಗ್ತೈತೆ. ನೀರುಗುಳ್ಳೆ ಅಂತೀವಿ. ನಾಯಿಗೆ ಆಕ್ತೀವಿ, ಅದು ನಾಯಿ ಪಾಲು."

ಡಾಕ್ಟರು ಸ್ಟೂಲು ಎಳೆದುಕೊಂಡು ಅವನೆದುರೇ ಕೂತರು. ಬೇಯಿಸದೆ ಹಾಕಿದ ಗುಳ್ಳೆಯೊಳಗಿನ ಬೀಜ ನಾಯಿಯ ಹೊಟ್ಟೆಯಲ್ಲಿ ಹುಳುವಾಗುತ್ತದೆ, ಹುಳುವಿನ ಮೊಟ್ಟೆ ನಾಯಿಯ ಹೇಲಿನಿಂದ ಹುಲ್ಲಿಗೂ ಅದರ ಮೈಕೂದಲಿಗೂ ಹತ್ತುತ್ತದೆ, ಹುಲ್ಲು ಮೇದ ಕುರಿಗೆ ಗುಳ್ಳೆ, ನಾಯಿ ಸವರಿದ ಕೈಯಲ್ಲಿ ಉಂಡವನಿಗೂ ಗುಳ್ಳೆ ಎಂದು ಬಿಡಿಸಿ ಹೇಳಿದರು. ಸಣ್ಣಯ್ಯ ಹಟ್ಟಿಯಲ್ಲಿ ತನ್ನ ಬೆನ್ನಿಗೆ ಬೆನ್ನು ಕೊಟ್ಟು ಒಂದೇ ಕಂಬಳಿಯಲ್ಲಿ ಮಲಗುವ ಬೊಗ್ಗನನ್ನು ನೆನೆದುಕೊಂಡ. ಇಂಥ ನಂಬಿಗಸ್ತ ನಾಯಿಯಿಂದ ಇಂಥ ಕೆಲಸ ಆದೀತೆಂದು ಯಾರಿಗೆ ಗೊತ್ತಿತ್ತು?

ಸೇಲಮ್ಮಿನ ದೊಡ್ಡಾಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಬೇಕು, ಬಿದ್ದ ಪೆಟ್ಟಿಗೆ ಅದು ಒಡೆಯದೇ ಉಳಿದದ್ದೇ ಹೆಚ್ಚು, ಒಡೆದರೆ ನಿಂತ ನಿಲುವಿನಲ್ಲೇ ಜೀವ ಹೋಗಬಹುದು ಎಂದರು ಡಾಕ್ಟರು. ಸಣ್ಣಯ್ಯ ಸುತರಾಂ ಒಪ್ಪಲಿಲ್ಲ. ಗುಳ್ಳೆ ಇಟ್ಟುಕೊಂಡೇ ಕುರಿಗಳು ಮೇಯುತ್ತವೆ, ಮರಿ ಹಾಕುತ್ತವೆ. ಅವಕ್ಕಿಲ್ಲದ ಅವಸರ ತನಗೇಕೆ ಎಂದ. ಮಾರಕ್ಕ ಅತ್ತಳು, ಬೈದಳು, ತಾಳಿ ಹಿಡಿದು ಆಣೆ ಹಾಕಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಎಲುಬಿನ ನೋವಿಗೆ ಎದೆಗೆ ಪಟ್ಟಿ ಬಿಗಿದು ಅವನನ್ನು ಆಸ್ಪತ್ರೆಯ ಜಗಲಿಯ ಮೇಲೆ ಮಲಗಿಸಿದ್ದರು. ಮೂರನೆಯ ದಿನದ ಮಧ್ಯಾಹ್ನ. ಬೇವಿನ ಹೂ ಉದುರುತ್ತಿತ್ತು. ನೋವಿನ ಮಾತ್ರೆಗೆ ಕಣ್ಣು ಮುಚ್ಚಿಯೂ ಇರಲಿಲ್ಲ, ತೆರೆದೂ ಇರಲಿಲ್ಲ. ಆ ಮಂಪರಿನೊಳಗೆ, ಎಂಟು ವರ್ಷದ ಹಿಂದೆ ಸತ್ತಿದ್ದ ಕೆಂಚಿ ಎಂಬ ಕುರಿ ಜಗಲಿಯ ಕೆಳಗೆ ಬಂದು ನಿಂತಿತು. ಅದು ಸತ್ತ ದಿನ ಟಗರು ಒಂದೇ ಸಲ ಅದರ ಪಕ್ಕೆಗೆ ಗುಮ್ಮಿತ್ತು. ರಕ್ತ ಬರಲಿಲ್ಲ, ಗಾಯವಿರಲಿಲ್ಲ. ಕೆಂಚಿ ಅವನ ಮುಖ ನೋಡಿತು, ಮಂಡಿ ಮಡಚಿತು, ಮುಗಿದೇಹೋಯಿತು. ಕುಯ್ದು ನೋಡಿದರೆ ಎದೆಯ ತುಂಬ ತಿಳಿನೀರು, ಅದರಲ್ಲಿ ತೇಲುವ ಹರಿದ ಬಿಳಿ ಪೊರೆ. ಟಗರಿಗೆ ಶಾಪ ಹಾಕುತ್ತ ಆ ಪೊರೆಯನ್ನೂ ಅವನೇ ನಾಯಿಗೆ ಎಸೆದಿದ್ದ. ಈಗ ಕೆಂಚಿ ಅವತ್ತಿನ ಹಾಗೇ ಅವನ ಮುಖ ನೋಡುತ್ತ ನಿಂತಿತ್ತು.

ಮಗ್ಗುಲಲ್ಲಿ ತೂಕಡಿಸುತ್ತಿದ್ದ ಮಾರಕ್ಕನನ್ನು ಸಣ್ಣಯ್ಯ ಅಲುಗಿಸಿದ.

"ಮಾರೀ, ಸೇಲಮ್ಮಿಗೆ ಓಗಣ. ಕೆಂಚಿ ಸತ್ತಿದ್ದು ಬರೀ ಟಗರಿಂದಲ್ಲ."

ಸೇಲಮ್ಮಿನಲ್ಲಿ ಮೂಗಿಗೆ ಮದ್ದು ಹಿಡಿದಾಗ ಅವನಿಗೆ ನಾಲ್ಕು ಕಾಲು ಬಂದವಂತೆ. ಮಂಜಿನಲ್ಲಿ ಮಂದೆಯ ನಡುವೆ ನಡೆಯುತ್ತಿದ್ದ. ಮುಂದೆ ಯಾರೋ ಕತ್ತಿ ಹಿಡಿದು ನಿಂತಿದ್ದರು. ಕೈ ಹಗುರವಾಗಿರಲಿ ಎಂದಷ್ಟೇ ಬೇಡಿಕೊಂಡನಂತೆ.

ಎಚ್ಚರವಾದಾಗ ಬದುಕಿದ್ದ. ಗುಳ್ಳೆ ಒಡೆಯದೆ ಇಡಿಯಾಗಿ ಬಂತು, ತಟ್ಟೆಯಲ್ಲಿಟ್ಟು ತೋರಿಸಿದರು, ಸುಲಿದ ಕೋಳಿಮೊಟ್ಟೆಯ ಹಾಗಿತ್ತು ಎಂದಳು ಮಾರಕ್ಕ. ಮರದಿಂದ ಬೀಳುವಾಗ ಬಾರದಿದ್ದ ಹೆದರಿಕೆ ಈಗ ಬಂತು. ಸಣ್ಣಯ್ಯ ಮಗುವಿನ ಹಾಗೆ ಅತ್ತ. ಅವಳೂ ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನಲ್ಲಿ ಮೂಗೊರಸಿಕೊಂಡು ತನ್ನ ತೀರ್ಮಾನ ಹೇಳಿದಳು: ಇನ್ನು ಆ ಹಟ್ಟಿಯಲ್ಲಿ ಒಂದೋ ಬೊಗ್ಗ ಇರಬೇಕು, ಇಲ್ಲಾ ತಾನು. ನಾಯಿಯನ್ನು ಹೊಡೆದು ಓಡಿಸುವಂತೆ, ನೋಡಲು ಬಂದಿದ್ದ ತನ್ನಣ್ಣನ ಕೈಲಿ ಆಗಲೇ ಹೇಳಿಕಳಿಸುವುದರಲ್ಲಿದ್ದಳು.

ಹೊಲಿಗೆ ಎಳೆಯುತ್ತಿದ್ದರೂ ಸಣ್ಣಯ್ಯ ಅವಳ ಮುಂಗೈ ಹಿಡಿದುಕೊಂಡ.

"ಬ್ಯಾಡ ಕಣೇ. ಇನ್ಮೇಲೆ ಅದಕ್ಕೆ ಬೇಯಿಸಿ ಆಕಣ. ಅದೇನು ಕೇಳಿ ಇಸ್ಕಂಡು ತಿಂದಿದ್ದಾ? ಆಕಿದ್ ಕೈ ನಂದು."