ಕೇಬಲ್ಲಿಗೆ ಕೊಬ್ಬರಿ ಎಣ್ಣೆ

ಇವತ್ತು ನಸುಕಿನಲ್ಲಿ ತಲೆಗೆ ಹಚ್ಚಿಕೊಳ್ಳಲು ಸೀಸೆ ಬಗ್ಗಿಸಿದರೆ ಎಣ್ಣೆ ಬೀಳಲಿಲ್ಲ. ಯಲ್ಲಾಪುರದ ಚಳಿಗೆ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ನೀವಾದರೆ ಸೀಸೆಯನ್ನು ಒಲೆಯ ಪಕ್ಕ ಇಟ್ಟು ಮರೆತುಬಿಡುತ್ತೀರಿ. ನಾನು ನಾಲ್ಕು ವರ್ಷದಿಂದ ಚಳಿಗಾಲದಲ್ಲಿ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಬೋಳಾಗುತ್ತಿರುವ ತಲೆಗೆ ಎಣ್ಣೆಯ ಅವಸರವೇನೂ ಇಲ್ಲ.

ಶ್ರೀಪಾದ ಮತ್ತು ನಾನು ಅರಬೈಲ್ ಘಟ್ಟದ ಕೆಳಗಿನ ಒಂದು ಶಾಲೆಯಲ್ಲಿ ಮಾಸ್ತರರಾಗಿದ್ದೆವು. ಎರಡು ಬೈಕು, ಒಂದೇ ದಾರಿ. ಅವನು ಮುಂದೆ, ನಾನು ಹಿಂದೆ. ತಿರುವಿನಲ್ಲಿ ಅವನು ಎಡಗೈ ಎತ್ತಿದರೆ ಎದುರಿಗೆ ಲಾರಿ ಬರುತ್ತಿದೆ ಎಂದು ಅರ್ಥ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರುವ ನನಗೆ ಎಷ್ಟೋ ದಿನ ಆ ಕೈಯೇ ಮೊದಲ ಮಾತು.

ಇಬ್ಬರ ಗಾಡಿಯ ಕೇಬಲ್ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಯಾರೂ ಒಪ್ಪಿಸಿದ್ದಲ್ಲ, ನಾನೇ ಹೊತ್ತುಕೊಂಡ ದೊಡ್ಡಸ್ತಿಕೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಬಿಚ್ಚಿದ ಕೇಬಲ್ಲಿನ ತುದಿಯನ್ನು ಅದರೊಳಗೆ ತೂರಿಸಿ, ದಾರದಿಂದ ಬಿಗಿದು, ಕಿಟಕಿಯ ಮೊಳೆಗೆ ತೂಗುಹಾಕುತ್ತಿದ್ದೆ. ಪ್ಯಾಕೆಟ್ಟಿಗೆ ಎರಡು ಚಮಚ ಎಂಜಿನ್ ಆಯಿಲ್. ಅದು ಒಳಗಿನ ತಂತಿಯ ಗುಂಟ ಇಳಿದು, ಕೆಳತುದಿಯಿಂದ ಮೊದಲು ಕಪ್ಪು ಕೊಳೆ, ಆಮೇಲೆ ತಿಳಿ ಹನಿ ಬೀಳಬೇಕು. ಅಲ್ಲಿಯವರೆಗೆ ಕಾಯಬೇಕು. ಕಾಯುವುದರಲ್ಲಿ ನಾನು ಗಟ್ಟಿಗ. “ಅಭಿಷೇಕ ಆತಾ ಭಾವಾ?” ಎಂದು ಶ್ರೀಪಾದ ಬಾಗಿಲಲ್ಲಿ ನಿಂತು ಕೆಣಕುತ್ತಿದ್ದ. ನಮಗೆ ನೆಂಟಸ್ತಿಕೆಯೇನೂ ಇಲ್ಲ. ಸಲುಗೆಗೆ ಹಾಗೆ ಕರೆದುಕೊಳ್ಳುತ್ತಿದ್ದೆವು.

ನಾಲ್ಕು ವರ್ಷದ ಹಿಂದೆ ನವರಾತ್ರಿಯ ಹೊತ್ತಿಗೆ ಅವನ ಎಕ್ಸಲರೇಟರ್ ಬಿಗಿಯಾಯಿತು. ಮರುದಿನ ಆಯುಧಪೂಜೆ. ಪೂಜೆಗೆ ನಿಲ್ಲುವ ಗಾಡಿ ಬಿಗಿಯಾಗಿರಬಾರದು ಎಂದು ನನ್ನ ಹಟ. ಆಯಿಲ್ ಡಬ್ಬಿ ಖಾಲಿಯಾಗಿತ್ತು. ದೇವರ ದೀಪಕ್ಕಿಟ್ಟಿದ್ದ ಕೊಬ್ಬರಿ ಎಣ್ಣೆಯನ್ನೇ ಅದರ ಕೇಬಲ್ಲಿಗೆ ಹಾಕಿದೆ. ನಮ್ಮಲ್ಲಿ ಅದು ತಲೆಗೆ, ದೀಪಕ್ಕೆ, ಕಿರುಗುಡುವ ಬಾಗಿಲಿಗೆ, ಕತ್ತಿಯ ತುಕ್ಕಿಗೆ, ಎಲ್ಲದಕ್ಕೂ ಆಗುತ್ತದೆ. ಆಗಿನ ಸೆಕೆಯಲ್ಲಿ ಕೇಬಲ್ ನಯವಾಗಿ ಓಡಾಡಿತು. ಮತ್ತೆ ನಾನದನ್ನು ನೆನೆಯಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ, ಹೊರಡುವಾಗ ಅವನು ಹೇಳಿದ:

“ಎಕ್ಸಿಲೇಟರ್ ಎಂತಕ್ಕೋ ಗಟ್ಟಿ ಆಯ್ದು, ಭಾವಾ.”

“ಚಳಿಗೆ ಆಗಿಕ್ಕು. ಸ್ವಲ್ಪ ಹೋದ್ಮೇಲೆ ಸರಿ ಆಗ್ತು,” ಎಂದೆ.

ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಘಟ್ಟದ ಮೂರನೆಯ ತಿರುವು. ನಮ್ಮ ನಡುವೆ ಒಂದು ಬಸ್ಸಿನಷ್ಟು ಅಂತರ. ಅವನ ಬಲ ಮಣಿಕಟ್ಟು ಮುಂದಕ್ಕೆ ಪೂರ್ತಿ ತಿರುಗಿತು, ಅಂದರೆ ಎಕ್ಸಲರೇಟರ್ ಬಿಟ್ಟಿದ್ದ. ಹಿಂದಿನ ಕೆಂಪು ದೀಪ ಹತ್ತಿತು. ಎಂಜಿನ್ನಿನ ಸದ್ದು ಮಾತ್ರ ಇಳಿಯಲಿಲ್ಲ. ಗಾಡಿ ಗುಡ್ಡದ ಬದಿಯ ಚರಂಡಿಗೆ ಹೋಗಿ ಬಿತ್ತು. ಅವನ ಮೊಣಕಾಲು ಮುರಿದಿತ್ತು.

ಅವನನ್ನು ಆಸ್ಪತ್ರೆಗೆ ಸೇರಿಸಿ, ಮಧ್ಯಾಹ್ನ ಮೆಕ್ಯಾನಿಕ್ಕನನ್ನು ಕರೆದುಕೊಂಡು ಗಾಡಿಯ ಹತ್ತಿರ ಹೋದೆ. ಅದು ಬಿಸಿಲಲ್ಲಿ ಬಿದ್ದಿತ್ತು. ಮೆಕ್ಯಾನಿಕ್ಕ ಎಕ್ಸಲರೇಟರ್ ತಿರುವಿ ಬಿಟ್ಟ. ಟಕ್ಕೆಂದು ಹಿಂದಕ್ಕೆ ಬಂತು. ಇನ್ನೊಮ್ಮೆ, ಮತ್ತೊಮ್ಮೆ. ಹುಬ್ಬಳ್ಳಿ ಕಡೆಯವನು. “ಕೇಬಲ್ ಚಲೋ ಐತ್ರೀ ಸರ. ಹೆದರಿ ತಾವೇ ತಿರುವಿರ್ತಾರ,” ಎಂದ.

ಮರುದಿನ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಸೀಸೆ ಬಗ್ಗಿಸಿದರೆ ಎಣ್ಣೆ ಹೆಪ್ಪುಗಟ್ಟಿತ್ತು. ಆಗ ನನಗೆ ಎಲ್ಲ ತಿಳಿಯಿತು: ಕೇಬಲ್ಲಿನೊಳಗೂ ಬೆಳಗಿನ ಚಳಿಗೆ ಹೀಗೇ ಗಟ್ಟಿಯಾಗಿ, ಮಧ್ಯಾಹ್ನದ ಬಿಸಿಲಿಗೆ ಕರಗಿತ್ತು.

ಕಾಲು ವಾಸಿಯಾಗಲಿ, ಹೇಳೋಣ ಎಂದುಕೊಂಡೆ. ಕಾಲು ವಾಸಿಯಾಯಿತು, ಒಂದಿಷ್ಟು ಕುಂಟು ಉಳಿಯಿತು. ಅಷ್ಟರಲ್ಲಿ ಅವನು ಮೆಕ್ಯಾನಿಕ್ಕನ ಮಾತನ್ನು ನಂಬಿಬಿಟ್ಟಿದ್ದ. ಬೈಕು ಮಾರಿ, ಸಿದ್ದಾಪುರದಲ್ಲಿ ನಡೆದು ಹೋಗುವಷ್ಟು ಹತ್ತಿರದ ಶಾಲೆಗೆ ವರ್ಗ ಮಾಡಿಸಿಕೊಂಡು ಹೋದ. ಕೇಬಲ್ಲಿನಲ್ಲಿ ಏನಿತ್ತು ಎಂದು ಬಲ್ಲವನು ನಾನೊಬ್ಬನೇ. ಘಟ್ಟ ಇಳಿಯುವವನೂ ನಾನೊಬ್ಬನೇ. ತಿರುವು ಬಂದಾಗ ಈಗಲೂ ಎದುರಿಗೆ ಒಂದು ಕೈ ಹುಡುಕುತ್ತೇನೆ.

ಮೊನ್ನೆ ಅವನ ಫೋನು ಬಂದಿತ್ತು. ಕಾಲೇಜಿಗೆ ಹೋಗುವ ಮಗಳಿಗೆ ಸ್ಕೂಟರ್ ತಂದಿದ್ದಾರೆ. ಅಪ್ಪನೇ ಕಲಿಸಬೇಕು ಎಂದು ಅವಳ ಹಟ. “ಎನ್ನ ಕೈ ಮೇಲೆ ಎಂಗೇ ನಂಬಿಕೆ ಇಲ್ಲೆ, ಭಾವಾ. ಬೇರೆ ಯಾರಾದ್ರೂ ಕಲಿಸ್ಲಿ,” ಎಂದ. ನಾನು ಹೂಂ ಎಂದೆ. ಹೂಂ ಎಂದೆನಲ್ಲ ಎಂದು ಎರಡು ದಿನ ಅನ್ನ ಇಳಿಯಲಿಲ್ಲ.

ಅದಕ್ಕೇ ಇವತ್ತು ಸೀಸೆಯನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬೈಕಿನಲ್ಲಿ ಸಿದ್ದಾಪುರಕ್ಕೆ ಹೊರಟೆ. ಶಿರಸಿಯಲ್ಲಿ ಚಹಾಕ್ಕೂ ನಿಲ್ಲಲಿಲ್ಲ. ಬಿಸಿಲೇರಿದರೆ ನನ್ನ ಸಾಕ್ಷಿ ಕರಗಿಹೋಗುತ್ತದೆ.

ಶ್ರೀಪಾದ ಜಗಲಿಯಲ್ಲಿದ್ದ. ಕೂರದೆ, ನಿಂತೇ ಎಲ್ಲ ಹೇಳಿ ಸೀಸೆ ಕೊಟ್ಟೆ. ಅವನು ಅದನ್ನು ತಲೆಕೆಳಗು ಮಾಡಿದ. ಅಂಚಿನಲ್ಲಿ ಕೊಂಚ ಕರಗಿತ್ತು. ಬಿಳಿಯ ಗಡ್ಡೆ ಕದಲಲಿಲ್ಲ. ಅದನ್ನೇ ನೋಡುತ್ತ ಕೂತ. ಅವನ ಬಲಗೈ ಗಾಳಿಯಲ್ಲಿ ಏನನ್ನೋ ಹಿಡಿದಂತೆ ಮುಂದಕ್ಕೆ ತಿರುಗಿತು.

“ಹಂಗಾರೆ ಆನು ಎಕ್ಸಿಲೇಟರ್ ಬಿಟ್ಟಿದ್ದಿ,” ಎಂದ, ತನ್ನ ಕೈ ನೋಡುತ್ತ.

“ನೀನು ಬಿಟ್ಟಿದ್ದೆ, ಭಾವಾ. ಆನು ಹಿಂದಿಂದ ನೋಡಿದ್ದಿ.”

“ನಾಕು ವರ್ಷ,” ಎಂದ. ಸೀಸೆಯನ್ನು ಜಗಲಿಯ ಮೇಲಿಟ್ಟ. ಆಮೇಲೆ ಎದ್ದು, ಮಗಳನ್ನು ಕರೆದು ಸ್ಕೂಟರಿನ ಕೀಲಿಕೈ ತರಲು ಹೇಳಿದ. ನನ್ನ ಕಡೆ ತಿರುಗಿ, “ಚಾ ಕುಡ್ಕಂಡು ಹೋಗಿ, ಮಾಸ್ತರ್ರೇ,” ಎಂದ.

ಇಷ್ಟು ವರ್ಷದಲ್ಲಿ ಅವನು ನನಗೆ ಬಹುವಚನ ಹಚ್ಚಿದ್ದು ಇದೇ ಮೊದಲು. ಚಹಾ ಕುಡಿದೆ.

ಹೊರಟು ರಸ್ತೆಯ ತಿರುವಿನಲ್ಲಿ ಕನ್ನಡಿ ನೋಡಿದೆ. ಮಗಳು ಸ್ಕೂಟರ್ ಬಿಡುತ್ತಿದ್ದಳು, ಹಿಂದಿನ ಸೀಟಿನಲ್ಲಿ ಅವನು. ಅವನ ಎಡಗೈ ಮೇಲೆದ್ದಿತ್ತು. ಅದು ನನಗಲ್ಲ, ಎದುರಿಗೆ ಏನೋ ಬರುತ್ತಿದ್ದಿರಬೇಕು.

ಸೀಸೆ ಅವನ ಜಗಲಿಯಲ್ಲೇ ಉಳಿಯಿತು. ಇಲ್ಲಿ ನನ್ನ ಕೋಣೆಯ ಗೋಡೆಯ ಗೂಡಿನಲ್ಲಿ ಅದರ ತಳದ ದುಂಡನೆಯ ಜಿಡ್ಡಿನ ಕಲೆ ಮಾತ್ರ ಇದೆ. ನಾಳೆ ಬೆಳಿಗ್ಗೆ ಒಣತಲೆಯಲ್ಲೇ ಘಟ್ಟ ಇಳಿಯುತ್ತೇನೆ.