ಪ್ಲೇ ಜಾಸ್ತಿ

ಆ ಎರಡು ನಿಮಿಷದ ರೆಕಾರ್ಡಿಂಗ್ ನೆನಪಾದ್ರೆ ಈಗ್ಲೂ ಹೇಸಿಗೆ ಆಗುತ್ತೆ.

ಗಿಟಾರ್ ನಂಗೆ ಯಾರೂ ಹೇಳ್ಕೊಟ್ಟಿಲ್ಲ. ಆಲ್ಕೊಳದ ನಮ್ಮನೆ ರೂಮಲ್ಲಿ ಫೋನ್ ನೋಡ್ಕೊಂಡೇ ಕಲ್ತಿದ್ದು. ಥ್ರ್ಯಾಶ್ ಮೆಟಲ್ ಅನ್ನೋ ಅಬ್ಬರದ ರಾಕ್ ಮ್ಯೂಸಿಕ್ ಅಂದ್ರೆ ಸ್ಪೀಡು, ಅಷ್ಟೇ ಅಂದ್ಕೊಂಡಿದ್ದೆ. ಶಿವಮೊಗ್ಗದಲ್ಲೇ ಒಂದು ಬ್ಯಾಂಡಿಗೆ ಗಿಟಾರ್ ಬಾರಿಸೋನು ಬೇಕಿತ್ತು. ಇಷ್ಟದ ಆಲ್ಬಮ್ಮಿಂದ ಒಂದು ತುಂಡು ಬಾರಿಸಿ ಭಾನುವಾರದೊಳಗೆ ಕಳಿಸು ಅಂದಿದ್ರು. ಆ ಬ್ಯಾಂಡಿಗೆ ಸೇರೋದು ಬಿಟ್ರೆ ಆಗ ನಂಗೆ ಬೇರೇನೂ ಬೇಕಿರ್ಲಿಲ್ಲ.

ನಾನು ಆರಿಸಿದ್ದು ಒಂದು ಹಳೇ ಬ್ಯಾಂಡಿನೋರು ಗಡ್ಡ ಬೆಳ್ಳಗಾದ್ಮೇಲೆ ಮಾಡಿದ ಆಲ್ಬಮ್. ಅದ್ರಲ್ಲಿ ಒಂದು ತುಂಡನ್ನ ಅವ್ರಿಗಿಂತ ಫಾಸ್ಟಾಗಿ ಬಾರಿಸಿ ರೆಕಾರ್ಡ್ ಮಾಡ್ದೆ. ಸ್ಟೇಟಸ್ಸಿಗೂ ಹಾಕ್ದೆ. "ಬೆಂಕಿ ಬ್ರೋ" ಅಂತ ಬಂದಿದ್ದೇ ಬಂದಿದ್ದು.

ಶನಿವಾರ ಭದ್ರಾವತಿಗೆ ಹೋದೆ, ಕಾಗದನಗರದ ಫ್ರೆಂಡ್ ಮನೆಗೆ. ಅವ್ರಪ್ಪ ಪೇಪರ್ ಮಿಲ್ಲಲ್ಲಿ ಮೆಷಿನ್ ಫಿಟ್ಟರ್ ಆಗಿದ್ದೋರು, ಈಗ ರಿಟೈರ್ಡು. ಮೊದ್ಲು ಆಲ್ಬಮ್ಮಿಂದು, ಆಮೇಲೆ ನಂದು ಕೇಳಿಸ್ದೆ. ಕಣ್ಮುಚ್ಕೊಂಡು ಪೂರ್ತಿ ಕೇಳಿದ್ರು.

"ಅವ್ರದ್ರಲ್ಲಿ ಒಂಚೂರೂ ಪ್ಲೇ ಇಲ್ಲ ತಂಬಿ. ನಿಂದ್ರಲ್ಲಿ ಪ್ಲೇ ಜಾಸ್ತಿ ಇದೆ."

ನಾನು ಉಬ್ಬೋದೆ. ಫ್ರೆಂಡ್ ಬಾಯಿ ಮುಚ್ಕೊಂಡು ನಗ್ತಿದ್ದ, ಹೊಟ್ಟೆಕಿಚ್ಚು ಅಂದ್ಕೊಂಡೆ. ಅಂಕಲ್ ಹೀಗಂದ್ರು ಅಂತ ಅದನ್ನೂ ಸ್ಟೇಟಸ್ಸಿಗೆ ಹಾಕ್ದೆ. ಥೂ.

ವಾಪಸ್ ಬರ್ತಾ ಬೈಕಿನ ಹಿಂದಿನ ಚಕ್ರ ಕಟಕಟ ಅಂತಿತ್ತು. ಭಾನುವಾರ ಬೆಳಿಗ್ಗೆ ಸರ್ಕಲ್ ಹತ್ರ ಮೆಕ್ಯಾನಿಕ್ಕಿಗೆ ತೋರಿಸ್ದೆ. ಅವ್ನು ಚಕ್ರ ಹಿಡಿದು ಆಕಡೆ ಈಕಡೆ ಅಲ್ಲಾಡಿಸ್ದ.

"ಬೇರಿಂಗ್ ಹೋಗಿದೆ ಮಾರಾಯ. ಪ್ಲೇ ನೋಡು ಎಷ್ಟಿದೆ."

ಪ್ಲೇ ಅಂದ್ರೆ ಏನು ಅಂತ ಕೇಳ್ದೆ. ಲೂಸು ಅಂದ. ಕೂರ್ಬೇಕಾದ ಜಾಗದಲ್ಲಿ ಕೂರ್ದೆ ಅಲ್ಲಾಡೋದು. ಹೇಳ್ತಾ ನನ್ನನ್ನೇ ಮೇಲಿಂದ ಕೆಳಗೆ ನೋಡ್ದ.

ಬೈಕ್ ಅಲ್ಲೇ ಬಿಟ್ಟು ಮನೆಗೆ ನಡ್ಕೊಂಡ್ ಬಂದೆ. ಗಿಟಾರಿನ ಸೌಂಡನ್ನ ಒರಟು ಮಾಡೋ ಡಿಸ್ಟಾರ್ಷನ್ ತೆಗೆದು, ಅದೇ ತುಂಡು ಬಾರಿಸಿ, ರೆಕಾರ್ಡ್ ಮಾಡಿ ಕೇಳ್ದೆ. ಅಸಹ್ಯ. ಬಾಯ್ತುಂಬ ಅನ್ನ ಇಟ್ಕೊಂಡು ಮಾತಾಡ್ದಂಗಿತ್ತು. ಅರ್ಧ ನೋಟುಗಳು ಬಿದ್ದೇ ಇಲ್ಲ, ಉಳಿದ ಅರ್ಧ ಒಂದ್ರ ಮೇಲೊಂದು ಅಂಟ್ಕೊಂಡಿವೆ. ಇಷ್ಟು ದಿನ ಆ ಗರಗರ ಸದ್ದು ನನ್ನ ಕೊಳಕನ್ನೆಲ್ಲ ಮುಚ್ಚಿಟ್ಟಿತ್ತು. ಅದಕ್ಕೆ ನಾನೇ ನಾಲ್ಕು ಸಲ ಲೈಕ್ ಬೇಡಿದ್ದೆ!

ಆಮೇಲೆ ಆ ಹಳೇ ಬ್ಯಾಂಡಿನೋರದನ್ನ ಮತ್ತೆ ಹಾಕ್ದೆ. ಆ ಸ್ಪೀಡಲ್ಲೂ ನಾಲ್ಕೂ ಜನ ಒಂದೇ ಸಲಕ್ಕೆ ಗಕ್ಕನೆ ನಿಲ್ತಾರೆ ನೋಡಿ, ಆ ಗ್ಯಾಪಲ್ಲಿ ಏನೂ ಇಲ್ಲ. ಒಂದು ತಂತಿನೂ ಗುಂಯ್ ಅನ್ನಲ್ಲ. ನೂರು ಸಲ ಕೇಳಿದ್ರೂ ಆ ಗ್ಯಾಪ್ ನನ್ನ ಕಿವಿಗೆ ಬಿದ್ದೇ ಇರ್ಲಿಲ್ಲ. ನಾನು ಅಲ್ಲೂ ಗಲಾಟೆ ತುಂಬಿಸಿದ್ದೆ.

ಅಷ್ಟರಲ್ಲಿ ಶಿವಮೊಗ್ಗದ ಬ್ಯಾಂಡಿನೋರ ಮೆಸೇಜು, ಎಲ್ಲಪ್ಪಾ ನಿಂದು ಅಂತ.

"ಕಳಿಸಲ್ಲ, ಪ್ಲೇ ಜಾಸ್ತಿ ಇದೆ" ಅಂತ ಹಾಕ್ದೆ.

"ಸೂಪರ್ ಮಗಾ, ಅದೇ ಬೇಕು, ಕಳ್ಸು" ಅಂದ್ರು.

ರೆಕಾರ್ಡಿಂಗೇ ಡಿಲೀಟ್ ಮಾಡ್ದೆ.