ಯಾವ ನಮ್ಮನೆ?

ಮೊನ್ನೆ ಮಾಲ್‌ನ ದೊಡ್ಡ ಅಂಗಡಿಯಲ್ಲಿ ಹೊಸ ಸ್ಪೀಕರ್‌ಗಳ ಪೆಟ್ಟಿಗೆ ಬಿಚ್ಚುತ್ತಿದ್ದರು. ಆ ಥರ್ಮಾಕೋಲ್ ವಾಸನೆಗೆ ನಾನು ರಾಜಾಜಿನಗರದ ಹಳೆಯ ಶೋರೂಮಿಗೇ ಹೋಗಿಬಿಟ್ಟೆ.

ಭಾನುವಾರ ಸಂಜೆ ಅಪ್ಪ ಇಸ್ತ್ರಿ ಮಾಡಿದ ಶರಟು ತೊಟ್ಟು ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಕಾರ್ಪೆಟ್ ಮೇಲೆ ನಿಂತು, ಒಂದೊಂದೇ ಸ್ಟೀರಿಯೊ ಸೆಟ್ ಹಾಕಿಸಿ ಕೇಳುತ್ತಿದ್ದೆವು.

"ಕಣ್ಮುಚ್ಚಿ ಕೇಳು ಪುಟ್ಟಿ. ನಮ್ಮನೆಗೆ ಯಾವ್ದು ತಗೊಳೋಣ, ನೀನೇ ಹೇಳು."

ತಬಲದ ಪೆಟ್ಟು ಎದೆಗೇ ತಾಗಿದ ಸೆಟ್ಟನ್ನು ಆರಿಸಿದೆ. ಅದಕ್ಕೆಂದು ಶೋಕೇಸಿನಿಂದ ನನ್ನ ಬೊಂಬೆಗಳನ್ನೆಲ್ಲ ತೆಗೆದು ಜಾಗವನ್ನೂ ಮಾಡಿದೆ.

ಸೆಟ್ ಬರಲೇ ಇಲ್ಲ. ಅದನ್ನು ಮತ್ತೆ ನೋಡಿದ್ದು ಅಪ್ಪನ ತಂಗಿ ಪದ್ಮತ್ತೆಯ ಮದುವೆ ಛತ್ರದಲ್ಲಿ. ಅಪ್ಪ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಗಂಡಿನ ಕಡೆಯವರಿಗೆ ಒಪ್ಪಿಸುತ್ತಿದ್ದರು.

"ನಮ್ಮನೆಗೆ ಅಂದಿದ್ರಲ್ಲಪ್ಪಾ?"

"ಪದ್ಮತ್ತೆ ಮನೆ ನಮ್ಮನೆ ಅಲ್ವೇನೇ?" ಅಪ್ಪ ಎಲ್ಲರೆದುರು ನಕ್ಕರು.

ಆ 'ನಮ್ಮನೆ'ಗೆ ಹೋದಾಗಲೆಲ್ಲ ಸೆಟ್ಟಿನ ಮೇಲೆ ಕಸೂತಿ ಬಟ್ಟೆ ಹೊದಿಸಿರುತ್ತಿದ್ದರು. ನಾನು ಹತ್ತಿರ ಸರಿದರೆ ಸಾಕು, "ಮುಟ್ಬೇಡಮ್ಮಾ" ಎನ್ನುತ್ತಿದ್ದರು. ನಾನು ಆರಿಸಿದ ತಬಲವನ್ನು ನನಗೆ ಒಮ್ಮೆಯೂ ಕೇಳಿಸಲಿಲ್ಲ.

ಮೊನ್ನೆ ಅಂಗಡಿಯಲ್ಲಿ ನನ್ನ ಗಂಡ ಎರಡು ಸ್ಪೀಕರ್ ತೋರಿಸಿ, "ನಮ್ಮನೆಗೆ ಯಾವ್ದು ತಗೊಳೋಣ, ನೀನೇ ಹೇಳು," ಎಂದರು.

"ಮೊದ್ಲು ಡೋರ್ ನಂಬರ್ ಹೇಳಿ," ಎಂದೆ.